ಮಿಶ್ರ ಮಾಧ್ಯಮದ ಮುದ್ದಿ

ನೆನಪುಗಳನ್ನು ಮೂಲ ಪ್ರತಿಯಲ್ಲೇ ಸಲ್ಲಿಸತಕ್ಕದ್ದು, ಜೆರಾಕ್ಸ್ ನೆನಪುಗಳನ್ನು ಯಾವುದೇ ಕಾರಣಕ್ಕೂ ಸ್ವೀಕರಿಸಲಾಗುವುದಿಲ್ಲ ಎಂಬ ಸುತ್ತೋಲೆಯನ್ನು ಬರೆದವನು ನಾನೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹದಿನೆಂಟು ವರ್ಷ ಜಮೀನಿನ ಕಡತ ನೋಡಿದವನನ್ನು ತಂದು, ಪೊನ್ನಂಪೇಟೆಯ ಆಚೆಗಿನ ಬಾಡಿಗೆ ಕಟ್ಟಡದ ‘ನೆನಪು ಮತ್ತು ಗುರುತು ಅಭಿಯಾನ ಕಚೇರಿ’ಯಲ್ಲಿ ಗುಮಾಸ್ತನಾಗಿ ಕೂರಿಸಿದರೆ ಅವನು ಇನ್ನೇನು ಬರೆದಾನು ಮಾರಾಯ್ರೆ?

ಅಭಿಯಾನದ ಉದ್ದೇಶ ಸರಳ. ಜನರ ಹಳೆಯ ಕಾಗದಪತ್ರ, ಫೋಟೋ, ಬಟ್ಟೆಚೂರುಗಳನ್ನು ಒಂದು ಹಲಗೆಗೆ ಅಂಟಿಸಿ, ಮೇಲೆ ಬಣ್ಣ ಬಳಿದು, ‘ಬದಲಾಗುವ ಗುರುತು’ ಎಂಬ ಕಲಾಕೃತಿ ಮಾಡಿಸುವುದು. ಮಾಡಲು ಒಪ್ಪಿದವರು ಕಲಾವಿದ ಪ್ರಜ್ಞೇಶ್. “ಜೆರಾಕ್ಸ್ ಆದ್ರೂ ಸಾಕು ಸಾರ್, ಹೇಗೂ ಅದರ ಮೇಲೆ ಬಣ್ಣ ಹಾಕ್ತೀನಲ್ಲ” ಎಂದು ಅವರು ಮೂರು ಸಲ ಹೇಳಿದ್ದರು. ಕಲಾವಿದರ ಮಾತು ಕೇಳಿ ಕಚೇರಿ ನಡೆಸಲಾಗುತ್ತದೆಯೇ?

ಸುತ್ತೋಲೆ ಹಿಡಿದು ಮನೆಮನೆಗೆ ಹೋದೆ. ದೊಡ್ಡ ಮನೆಗಳವರು ಅಜ್ಜಂದಿರ ಫೋಟೋ ಕೆಳಗಿಳಿಸಿ ತೋರಿಸಿ, ಕಾಫಿ ಕೊಟ್ಟು, ಫೋಟೋವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದರು. ಮೂಲ ಪ್ರತಿ ಕೊಟ್ಟವಳು ಮುದ್ದಿ ಒಬ್ಬಳೇ. ನಲವತ್ತು ವರ್ಷ, ಎಸ್ಟೇಟಿನವರು ಕೂಲಿಯವರಿಗೆ ಕೊಡುವ ಲೈನ್‌ಮನೆಯಲ್ಲಿದ್ದು ಕಾಫಿ ಕೊಯ್ದವಳು. ಕಡತ ಹಿಡಿದವರು ಬಂದು ಕೇಳಿದರೆ ಕೊಟ್ಟು ಅಭ್ಯಾಸ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ರೇಷನ್ ಕಾರ್ಡು, ಗುರುತಿನ ಚೀಟಿ, ನಿವೇಶನ ಮಂಜೂರಾದ ಪತ್ರ, ಮೂರನ್ನೂ ನನ್ನ ಕೈಗಿಟ್ಟಳು.

“ವಾಪಸ್ ಕೊಡ್ತೀರಲ್ವಾ ಸಾರ್?”

“ಸರ್ಕಾರದ ಹತ್ತಿರ ಇದ್ದರೆ ನಿನ್ನ ಹತ್ತಿರ ಇದ್ದ ಹಾಗೇ” ಎಂದೆ.

ಕಲಾಕೃತಿ ಚೆನ್ನಾಗಿಯೇ ಬಂತು. ನಾಲ್ಕಡಿ ಅಗಲ, ಆರಡಿ ಎತ್ತರ. ಮುದ್ದಿಯ ಮೂರೂ ದಾಖಲೆ ಅಂಟಿಸಿ, ನಡುವೆ ಗುರುತಿನ ಚೀಟಿಯ ಅವಳ ಫೋಟೋ. ಅರ್ಧ ಮುಖಕ್ಕೆ ಕಾಫಿ ಡಿಕಾಕ್ಷನ್, ಇನ್ನರ್ಧಕ್ಕೆ ನೀಲಿ ಬಣ್ಣ, ಒಂದು ಕಣ್ಣಿನ ಜಾಗದಲ್ಲಿ ಒಣಗಿದ ಕಾಫಿಹಣ್ಣು. ನಮ್ಮ ಅಧಿಕಾರಿ ಚಿದಾನಂದ ಅವರು ತಾವೇ ಬಳಿದಷ್ಟು ಹೆಮ್ಮೆಯಿಂದ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಕಲಾಕೃತಿಯನ್ನು ಕಚೇರಿಯ ಗೋಡೆಗೆ ಹಾಕಿ, ಸ್ವತ್ತಿನ ಪಟ್ಟಿಗೆ ಸೇರಿಸಿದೆವು.

ಎರಡು ತಿಂಗಳಿಗೆ ಮುದ್ದಿ ಬಂದಳು. ಕೈಲಾಗದೆಂದು ಅವಳನ್ನು ಕೆಲಸ ಬಿಡಿಸಿದ್ದರು. ತಿಂಗಳ ಕೊನೆಯೊಳಗೆ ಲೈನ್‌ಮನೆ ಖಾಲಿ ಮಾಡಬೇಕಿತ್ತು. ಉಳಿದದ್ದು ಆ ನಿವೇಶನವೊಂದೇ. ಅದರ ಹಕ್ಕುಪತ್ರ ಕೊಡುವ ಕೆಲಸವೂ ಹೆಚ್ಚುವರಿಯಾಗಿ ಚಿದಾನಂದ ಅವರ ಮೇಲೇ ಬಿದ್ದಿತ್ತು.

“ಮೂಲ ದಾಖಲೆ ಎಲ್ಲಿ?” ಎಂದೆ.

“ಅಗೋ, ಅಲ್ಲಿ” ಎಂದು ಗೋಡೆ ತೋರಿಸಿದಳು.

“ಅದು ಕಲಾಕೃತಿ.”

“ಕಿತ್ತು ಕೊಡಿ ಸಾರ್.”

“ಸರ್ಕಾರಿ ಸ್ವತ್ತು ಹಾಳು ಮಾಡು ಅಂತೀಯಾ? ಕೇಸಾಗುತ್ತೆ!”

ಅವಳು ಅಳುತ್ತಾಳೆಂದುಕೊಂಡಿದ್ದೆ. ಇಲ್ಲ, ಸಿಟ್ಟಿಗೆದ್ದಳು. “ಅದು ನಂದು! ನನ್ನ ಮುಖ ಅದು!” ಎಂದು ಕೂಗಿದ್ದಕ್ಕೆ ಚಿದಾನಂದ ಅವರು ಹೊರಬಂದು, ಅವಳನ್ನು ಚಿತ್ರದ ಪಕ್ಕ ನಿಲ್ಲಿಸಿ, ಕನ್ನಡಕ ಏರಿಸಿ ಪರಿಶೀಲಿಸಿದರು. ಬಣ್ಣ ಹೊಂದಲಿಲ್ಲ. ಕಣ್ಣಂತೂ ಒಂದಿಷ್ಟೂ ಹೊಂದಲಿಲ್ಲ.

“ಫೋಟೋದಲ್ಲಿರೋದು ಇವಳಲ್ಲ ಅಂತ ಕಾಣುತ್ತಲ್ರೀ.”

“ಬಣ್ಣ ಹಾಕ್ಸಿದ್ದು ನೀವೇ ಅಲ್ವಾ ಸಾರ್?”

“ನೋಡಮ್ಮ, ಯಾರು ಹಾಕಿಸಿದರು ಅನ್ನೋ ಪ್ರಶ್ನೆ ನಮೂನೆಯಲ್ಲಿ ಇಲ್ಲ.”

ನನಗೂ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಅದಕ್ಕೂ ನಮೂನೆಯಲ್ಲಿ ಜಾಗವಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ತೊಡಕು. ತಿಂಗಳ ಕೊನೆಯೊಳಗೆ ಹಕ್ಕುಪತ್ರವಾಗದ ನಿವೇಶನ ರದ್ದಾಗುತ್ತದೆ. ಪಕ್ಕದ ಹೋಂಸ್ಟೇಯ ಮಾಲೀಕರು ಆ ಜಾಗದಲ್ಲಿ ಅತಿಥಿಗಳ ಕಾರು ನಿಲ್ಲಿಸಲು ಅರ್ಜಿ ಕೊಟ್ಟೂ ಆಗಿತ್ತು. ಬಡವರ ಹಿತ ಕಾಯಬೇಕೆಂದು ನಾನೇ ದಾರಿ ಹುಡುಕಿದೆ. ನಿಯಮದ ಪ್ರಕಾರ, ಮೂಲ ದಾಖಲೆಗಳನ್ನು ಹೊಂದಿರುವ ಮತ್ತು ದಾಖಲೆಯಲ್ಲಿನ ಭಾವಚಿತ್ರವನ್ನು ಹೋಲುವವರು ಫಲಾನುಭವಿ. ಎರಡೂ ಷರತ್ತು ಪೂರೈಸುತ್ತಿದ್ದದ್ದು ಕಲಾಕೃತಿ ಮಾತ್ರ. ಅದೇ ದಿನ ಸಹಿ, ಮೊಹರು ಸಹಿತ ಹಕ್ಕುಪತ್ರ ಸಿದ್ಧವಾಯಿತು: ‘ಮುದ್ದಿ, ನಾಲ್ಕಡಿಗೆ ಆರಡಿ, ಮಿಶ್ರ ಮಾಧ್ಯಮ.’

ಹೋಂಸ್ಟೇಯವರು ತಕರಾರು ತೆಗೆಯಲಿಲ್ಲ. ಚಿತ್ರ ನೋಡಲು ಬಂದವರು ಉಳಿಯುವುದು ತಮ್ಮಲ್ಲೇ ಎಂದು ಹೊಳೆದ ಕೂಡಲೇ ನಿವೇಶನದಲ್ಲಿ ಶೀಟಿನ ಮನೆಯೊಂದನ್ನೂ ಕಟ್ಟಿಸಿಕೊಟ್ಟರು. ಮಳೆ ಹಿಡಿಯುವ ಮೊದಲೇ ಕಲಾಕೃತಿ ಸ್ವಂತ ಮನೆ ಸೇರಿತು. ಗೃಹಪ್ರವೇಶದ ದಿನ ಮುದ್ದಿ ಪಾತ್ರೆಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು.

“ಒಂದು ಮೂಲೆ ಬಾಡಿಗೆಗೆ ಕೊಡ್ತೀರಾ ಸಾರ್?”

ತಮಾಷೆಯೇನೋ ಎಂದು ಅವಳ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

“ಹಕ್ಕುಪತ್ರ ಇರುವವರ ಸಹಿ ಬೇಕಾಗುತ್ತೆ” ಎಂದೆ.

ಗೃಹಪ್ರವೇಶಕ್ಕೆ ಬಂದಿದ್ದ ಪ್ರಜ್ಞೇಶ್ ಅವರಿಗೆ ತಡೆಯಲಾಗಲಿಲ್ಲ. “ಥೂ, ಏನ್ ಸಾರ್ ಇದು! ಅವರನ್ನೂ ಕೃತಿಗೇ ಸೇರಿಸಿಬಿಡಿ. ಕೃತಿ ಇನ್ನೂ ಮುಗಿದಿಲ್ಲ ಅಂತ ಬರೆದುಕೊಡ್ತೀನಿ” ಎಂದು ರೇಗಿದರು; ಬರೆದೂ ಕೊಟ್ಟರು. ಲಿಖಿತವಾಗಿ ಬಂದದ್ದನ್ನು ನಾವು ಎಂದೂ ತಳ್ಳಿಹಾಕಿದವರಲ್ಲ. ಹೊಸ ಫಲಕ ಬರೆಸಿದೆವು: ‘ಬಳಸಿದ ಸಾಮಗ್ರಿ: ಕಾಗದ, ಅಂಟು, ಬಣ್ಣ, ಕಾಫಿ ಡಿಕಾಕ್ಷನ್, ಮುದ್ದಿ.’

ಈಗ ಅವಳು ಅಲ್ಲೇ ಇದ್ದಾಳೆ. ಪ್ರವಾಸಿಗರು ಬಂದಾಗ ಚಿತ್ರದ ಬಲಕ್ಕೆ ಸ್ಟೂಲಿನ ಮೇಲೆ ಕೂರಬೇಕು, ಅಷ್ಟೇ. ಯಾರೂ ಮುಟ್ಟದಂತೆ ಅಡ್ಡ ಹಗ್ಗ ಕಟ್ಟಿದ್ದೇವೆ. ಲೈನ್‌ಮನೆಯ ಹಳೆಯ ನೆರೆಯವರು ಬಂದರೆ ಹಗ್ಗದ ಈಚೆ ನಿಂತೇ ಕಷ್ಟಸುಖ ಮಾತಾಡಿ ಹೋಗುತ್ತಾರೆ. ಸಂತೆಗೆ ಹೋಗಬೇಕಾದರೆ ‘ಕಲಾಕೃತಿಯ ಬಿಡಿಭಾಗದ ತಾತ್ಕಾಲಿಕ ಸಾಗಣೆ’ಗೆ ಅರ್ಜಿ ಹಾಕುತ್ತಾಳೆ. ನಾನು ಕಾಯಿಸುವುದಿಲ್ಲ.

ಹೋದ ವಾರ ಪರಿಶೀಲನೆಗೆ ಹೋದಾಗ ಕೇಳಿದಳು, “ಸಾರ್, ನಾನು ಸತ್ತರೆ ಏನ್ ಮಾಡ್ತೀರಿ?”

“ಸುಮ್ಮನೆ ತೆಗೆಯೋಕಾಗಲ್ಲ, ಸ್ವತ್ತಿನ ಪಟ್ಟಿಯಲ್ಲಿದ್ದೀಯ. ದುರಸ್ತಿಗೆ ಅಂತ ಮೇಲಕ್ಕೆ ಬರೀತೀವಿ. ಉತ್ತರ ಬರೋವರೆಗೆ ಇದ್ದಲ್ಲೇ ಇರಬೇಕು.”

ಮುದ್ದಿ ಹಗ್ಗ ದಾಟಿ ಹತ್ತಿರ ಬಂದಳು.

“ಅಂದ್ರೆ, ಇನ್ನು ಜಾಗ ಖಾಲಿ ಮಾಡು ಅಂತ ಯಾರೂ ಹೇಳಲ್ಲ?”

“ಹೇಳೋ ಹಾಗೇ ಇಲ್ಲ.”

ನಲವತ್ತು ವರ್ಷದಲ್ಲಿ ಅಂಥ ಮಾತು ಅವಳು ಕೇಳಿರಲಿಲ್ಲವಂತೆ. ಕೈಮುಗಿದಳು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಸೆರಗು ಸರಿಮಾಡಿಕೊಂಡು, ಹಗ್ಗದಡಿ ಬಗ್ಗಿ ಒಳಗೆ ಹೋಗಿ, ಸ್ಟೂಲಿನ ಮೇಲೆ ಅಲುಗಾಡದೆ ಕೂತಳು.