ಭಾವ ಪಾಸು ಮಾಡಿದ ನೀತಿಪರೀಕ್ಷೆ

ಮನೆಯಲ್ಲೊಬ್ಬ ಪ್ರಾಮಾಣಿಕ ಮನುಷ್ಯನಿದ್ದರೆ ಪುಣ್ಯ ಎನ್ನುವವರು ನಮ್ಮ ಭಾವನ ಜೊತೆ ಒಂದು ವಾರ ಇದ್ದು ನೋಡಬೇಕು! ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ಅವರು ಐವತ್ತೆರಡನೆಯ ವಯಸ್ಸಿನಲ್ಲಿ ಕಂಪ್ಲಯನ್ಸ್ ಮತ್ತು ಎಥಿಕ್ಸ್ ಸರ್ಟಿಫಿಕೇಟಿಗೆ ಓದಲು ಕುಳಿತರು. ಕಂಪನಿಯಲ್ಲಿ ಎಲ್ಲರೂ ನಿಯಮ ಪಾಲಿಸುತ್ತಿದ್ದಾರೆಯೇ ಎಂದು ನೋಡಿಕೊಳ್ಳುವ ಹುದ್ದೆಗೆ ಬೇಕಾದ ಓದು. ಮೊದಲ ಸಲ ಫೇಲಾದರು. ಈ ಸಲವೂ ಫೇಲಾದರೆ ಆ ಹುದ್ದೆ ಹೊರಗಿನವರಿಗೆ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಅಲ್ಲಿಂದ ನಮ್ಮ ಗ್ರಹಚಾರ ಶುರು. ಆಯುಧಪೂಜೆಗೆ ಬಿಡಿಭಾಗ ಸರಬರಾಜು ಮಾಡುವವರು ಕಳಿಸಿದ ಸ್ವೀಟ್ ಬಾಕ್ಸನ್ನು ವಾಪಸು ಮಾಡಿದರು. ಅದು ಸರಿ. ಪಕ್ಕದ ಮನೆಯಾಕೆ ಒಬ್ಬಟ್ಟು ತಂದರೆ? "ನಮ್ಮಿಂದ ಏನಾದ್ರೂ ಕೆಲ್ಸ ಆಗ್ಬೇಕಿತ್ತಾ ಅಕ್ಕ?" ಎಂದು ಕೇಳಿಯೇಬಿಟ್ಟರು!

"ಹೂಂ ಕಣಣ್ಣ, ಡಬ್ಬಿ ವಾಪಸ್ ಕೊಟ್ರೆ ಸಾಕು" ಎಂದು ಆಕೆ ಹೊರಟುಹೋದರು.

ಕೊರಿಯರಿನಲ್ಲಿ ಕುಕ್ಕರ್ ಬಂದ ದಿನವಂತೂ ಮುಚ್ಚಳ ಹಾಕಿ, ತೆಗೆದು, ಸೀಟಿ ಅಲ್ಲಾಡಿಸಿ, ಆಮೇಲೆ ಸಹಿ ಹಾಕಿದರು.

"ಅನ್ನ ಮಾಡಿ ನೋಡ್ಲಿಲ್ವಲ್ಲ, ಅಷ್ಟೇ ಸಮಾಧಾನ ಕಣೋ" ಎಂದಳು ಅಕ್ಕ.

ಕೊನೆಗೂ ಭಾವ ಪಾಸಾದರು. ಪಾರ್ಟಿ ಕೊಡಿಸುತ್ತಾರೆಂದು ನಾನು ಹೊರಟರೆ, ಸರ್ಟಿಫಿಕೇಟ್ ಹಿಡಿದು ಟಿ. ದಾಸರಹಳ್ಳಿಯ ಬಾಡಿಗೆ ಕೋಣೆಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿರುವವನು ರಾಯಚೂರಿನ ಕಡೆಯವನು, ಅವರ ಕೈಕೆಳಗೆ ತಗಡು ಒತ್ತುವ ಪ್ರೆಸ್ ಮಷಿನ್ ನಡೆಸುತ್ತಿದ್ದವನು ಎಂದು ದಾರಿಯಲ್ಲಿ ಹೇಳಿದರು. ಮಷಿನಿನ ಸುರಕ್ಷತೆಯನ್ನು ಸೂಪರ್‌ವೈಸರ್ ದಿನಾ ನೋಡಿ ಸಹಿ ಹಾಕಬೇಕಿತ್ತು. ಎಲ್ಲರಂತೆ ಭಾವನೂ ಸೋಮವಾರವೇ ಇಡೀ ವಾರದ ಸಹಿ ಹಾಕಿ ಮುಗಿಸುತ್ತಿದ್ದರು.

"ಹೋದ ವರ್ಷ ಒಂದು ಬುಧವಾರ, ಕೈ ಒಳಗೆ ಹೋಗದ ಹಾಗೆ ಹಾಕಿರೋ ಗಾರ್ಡನ್ನ ಯಾರೋ ಬಿಚ್ಚಿಟ್ಟಿದ್ರು. ಅವನ ಎರಡು ಬೆರಳು ಹೋಯ್ತು ಕಣೋ. ಹಾಳೇಲಿ ಮಾತ್ರ ಎಲ್ಲ ಸರಿಯಿದೆ ಅಂತ ನನ್ನ ಸೈನು."

ಅವನ ಕೋಣೆಯ ಹೊಸ್ತಿಲ ಹೊರಗೇ ನಿಂತು ಭಾವ ಸರ್ಟಿಫಿಕೇಟ್ ಚಾಚಿದರು. ಅವನು ಉಳಿದ ಬೆರಳುಗಳಲ್ಲಿ ಹಿಡಿದು ನೋಡಿದ.

"ಇನ್ನ ನೀವು ನಿಲ್ಲಸ್ರಿ ಅಂದ್ರ ಮಷಿನ್ ನಿಲ್ಲಸ್ತಾರೇನ್ರಿ ಸರ?"

"ನಿಲ್ಲಿಸ್ಲೇಬೇಕಪ್ಪ."

"ಹಂಗಾದ್ರ ಒಳಗ ಬರ್ರಿ. ಚಾ ಮಾಡ್ತೀನಿ."

ಒಂದು ವರ್ಷದಿಂದ ಆ ಬಾಗಿಲ ತನಕ ಬಂದು ಹಿಂತಿರುಗುತ್ತಿದ್ದ ಭಾವ ಒಳಗೆ ಹೋಗಿ, ಚಾಪೆಯ ಮೇಲೆ ಕುಳಿತು ಅತ್ತುಬಿಟ್ಟರು.