ಮಸ್ಕಿಯ ಹಸಿರು ಚುಕ್ಕೆ

ಬಸವಣ್ಣೆಮ್ಮ ಆ ರಾತ್ರಿ ಶೇಂಗಾ ಚಟ್ನಿ ಮಾಡದೇ ಇದ್ದಿದ್ದರೆ ಲಕ್ಷ್ಮಣನ ಮಾನ ಉಳಿಯುತ್ತಿತ್ತು.

ಸಿಂಧನೂರಿನ ಆಕೆಯ ಮನೆಯ ಫ್ಯೂಜು ಹೋಗಿತ್ತು. ಪಕ್ಕದ ಮನೆಯ ಲಕ್ಷ್ಮಣನ ಹೊರಗೋಡೆಯಲ್ಲಿ ಒಂದು ದೊಡ್ಡ ಪ್ಲಗ್ಗಿತ್ತು. ಅದರಿಂದ ಹೊರಟ ದಪ್ಪ ವೈರು ಅವನ ಹೊಸ ಎಲೆಕ್ಟ್ರಿಕ್ ಕಾರಿಗೆ ಹೋಗಿ ಸೇರಿತ್ತು. ಬಸವಣ್ಣೆಮ್ಮ ವೈರು ಕಿತ್ತಳು, ಮಿಕ್ಸರ್ ಹಚ್ಚಿದಳು, ಚಟ್ನಿ ಮಾಡಿಕೊಂಡು ಹೋಗಿ ನೆಮ್ಮದಿಯಾಗಿ ಮಲಗಿದಳು. ಕಾರು ರಾತ್ರಿಯೆಲ್ಲ ಉಪವಾಸ ನಿಂತಿತು.

ಬೆಳಿಗ್ಗೆ ಲಕ್ಷ್ಮಣ ಕಾರಿನ ಮೀಟರು ನೋಡಿದಾಗ ಅವನ ಮುಖದ ಬಣ್ಣವೂ ಇಳಿಯಿತು.

"ಯವ್ವಾ, ವೈರು ಯಾಕ ಕಿತ್ತಿ?"

"ಐ, ಅದರ ಹೊಟ್ಟಿ ತುಂಬೈತಿ ಅಂದ್ಕೊಂಡ್ನೆಪ್ಪಾ. ಸಂಜಿಂದ ಕುಡಿಯಾಕತ್ತಿತ್ತು. ನಮ್ಮ ಎಮ್ಮಿನೂ ಅಷ್ಟು ಕುಡಿಯಂಗಿಲ್ಲ. ರಹಮಾನಸಾಬರ ಮದಿವಿ ಬಸ್ಸಿಗೆ ಚಟ್ನಿ ಕಳಸಬೇಕಿತ್ತು, ಮರ್ಯಾದಿ ಪ್ರಶ್ನೆ" ಎಂದಳು ಬಸವಣ್ಣೆಮ್ಮ.

ಮರ್ಯಾದೆಯ ಪ್ರಶ್ನೆ ಲಕ್ಷ್ಮಣನಿಗೂ ಇತ್ತು. ಎದುರುಮನೆಯ ರಹಮಾನಸಾಬರ ಮಗ ದಾನಿಷ್‌ನ ನಿಕಾಹ್ ಅವತ್ತು ಲಿಂಗಸುಗೂರಿನಲ್ಲಿ, ಮಧ್ಯಾಹ್ನದ ನಮಾಜಿಗೆ ಮುಂಚೆ. ಖಾಜಿಸಾಹೇಬರಿಗೆ ಅದಾದ ಮೇಲೆ ಇನ್ನೊಂದು ನಿಕಾಹ್ ಇತ್ತು. ತಡವಾದರೆ ಕಾಯುವವರಲ್ಲ ಅವರು. ರಹಮಾನಸಾಬರು ಬಾಡಿಗೆ ಕಾರು ಗೊತ್ತುಮಾಡಲು ಹೊರಟಿದ್ದರು. ಲಕ್ಷ್ಮಣನೇ ಕೈ ಹಿಡಿದು ನಿಲ್ಲಿಸಿದ್ದ. "ಹೊಗಿ ಇಲ್ಲ, ಸದ್ದಿಲ್ಲ. ನಿಮ್ಮ ಮಗನ್ನ ನವಾಬನಂಗ ಕರ್ಕೊಂಡು ಹೋಗ್ತೀನಿ. ಒಂದ್ ನಿಮಿಷ ತಡ ಆದ್ರ ನನ್ನ ಹೆಸರು ಲಕ್ಷ್ಮಣ ಅಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದ. ಮದುವೆಯ ಬಸ್ಸು ಆಗಲೇ ಚಟ್ನಿ ಹೊತ್ತುಕೊಂಡು ಮುಂದೆ ಹೋಗಿತ್ತು. ಉಳಿದಿದ್ದು ಅವನ ಕಾರು ಮತ್ತು ಅವನ ಹೆಸರು.

ಬ್ಯಾಟರಿ ಅರ್ಧಕ್ಕಿಂತ ಕೆಳಗಿತ್ತು. ಆದರೂ ಲಿಂಗಸುಗೂರಿಗೆ ಸಾಕಾಗುತ್ತಿತ್ತು. ಲಕ್ಷ್ಮಣ ಸಮಾಧಾನ ಮಾಡಿಕೊಂಡು ಕಾರಿಗೆ ಹೂವಿನ ಹಾರ ಹಾಕಿಸುತ್ತಿದ್ದಾಗ ರಹಮಾನಸಾಬರು ಹೊರಗೆ ಬಂದರು.

"ಲಕ್ಷ್ಮಣ, ಮೊದ್ಲು ಜವಳಗೇರಾಕ್ಕ ಹೋಗಿ ನಮ್ಮತ್ತಿ ಶಂಶಾದ್‌ಬೀನ ಕರ್ಕೊಂಡ್ ಬರೂನು. ಆಕಿ ಕೈಲೆ ಸೆಹರಾ ಕಟ್ಟಿಸದ ನಮ್ಮ ಮನ್ಯಾಗ ಯಾರೂ ನಿಕಾಹಕ್ಕ ಕುಂತಿಲ್ಲ."

ಲಿಂಗಸುಗೂರು ಪಡುವಣಕ್ಕೆ, ಜವಳಗೇರಾ ಮೂಡಣಕ್ಕೆ. ಲಕ್ಷ್ಮಣ ತಾನು ಆಡಿದ ಮಾತು ನೆನಪಾಗಿ ಕಾರಿನ ಬಾಗಿಲು ತೆರೆದ.

ಜವಳಗೇರಾದಲ್ಲಿ ಶಂಶಾದ್‌ಬೀ ತಯಾರಾಗಿಯೇ ಕೂತಿದ್ದಳು. ಆದರೆ ಚಹಾ ಕುಡಿಯದೆ ಯಾರನ್ನೂ ಹೊಸ್ತಿಲು ದಾಟಿಸಲಿಲ್ಲ. ದಾನಿಷ್‌ನ ಹಣೆಗೆ ಮುಖ ಮುಚ್ಚುವ ಮಲ್ಲಿಗೆಯ ಸೆಹರಾ ಕಟ್ಟಿ, ದೃಷ್ಟಿ ತೆಗೆದು, ಒಂದು ಚೀಲ ಅಕ್ಕಿ, ಎರಡು ಕೋಳಿ ಸಮೇತ ಕಾರು ಹತ್ತಿದಳು. ಕೋಳಿಗಳನ್ನು ಇಳಿಸುವಷ್ಟರಲ್ಲಿ ಲಕ್ಷ್ಮಣನ ಅಂಗಿ ಬೆನ್ನಿಗೆ ಅಂಟಿತ್ತು.

ತಿರುಗಿ ಸಿಂಧನೂರಿಗೆ ಬಂದಾಗ ಮೀಟರು ಕೆಂಪಿನ ಹತ್ತಿರ ಬಂದಿತ್ತು. ಹೆದ್ದಾರಿಯ ಹೋಟೆಲೊಂದರ ಮುಂದೆ ಫಾಸ್ಟ್ ಚಾರ್ಜರ್ ಇತ್ತು. ಅದಕ್ಕೆ ತಗಡಿನ ಮಾಡೂ ಇತ್ತು. ಆ ಮಾಡಿನ ಕೆಳಗೆ ಭತ್ತ ತುಂಬಿದ ಟ್ರಾಕ್ಟರೊಂದು ನಿಂತಿತ್ತು.

"ಯಾರ್ದ್ರೀ ಇದು? ತೆಗೀರಿ!" ಲಕ್ಷ್ಮಣ ಕೂಗಿದ.

"ಡ್ರೈವರ್ ಉಣ್ಣಾಕ ಹೋಗ್ಯಾನ್ರೀ. ಭತ್ತ ಬಿಸಿಲಿಗೆ ಒಣಗ್ತೈತಿ ಅಂತ ನೆಳ್ಳಿಗೆ ಹಚ್ಯಾನ" ಎಂದ ಹೋಟೆಲಿನವ.

"ಭತ್ತ ಒಣಗಲಿ ಅಂತ ಊರೆಲ್ಲ ರಸ್ತಾದ ಮ್ಯಾಲ ಹರವ್ತೈತಿ. ಇಂವಗ ಮಾತ್ರ ನೆಳ್ಳು ಬೇಕಾತೇನು!"

ಹೋಟೆಲಿನವ ತಟ್ಟೆ ಎತ್ತಿಕೊಂಡು ಒಳಗೆ ಹೋದ. ಡ್ರೈವರ ಬರಲಿಲ್ಲ. ಲಕ್ಷ್ಮಣ ಮೊಬೈಲಿನ ಆ್ಯಪ್ ತೆರೆದು ನೋಡಿದ. ಮಸ್ಕಿಯಲ್ಲಿ ಒಂದು ಹಸಿರು ಚುಕ್ಕೆ! ಹಸಿರು ಎಂದರೆ ಚಾರ್ಜರ್ ಇದೆ, ಖಾಲಿ ಇದೆ ಎಂದರ್ಥ. ಅವನಿಗೆ ಆ ಚುಕ್ಕೆಗೆ ಮುತ್ತು ಕೊಡುವಷ್ಟು ಪ್ರೀತಿ ಬಂತು.

"ಮಸ್ಕಿತನಕ ಹೆಂಗರ ಮುಟ್ಟೂನು. ಆದ್ರ ಎ.ಸಿ. ಇಲ್ಲ, ಹಾಡಿಲ್ಲ, ಫೋನ್ ಚಾರ್ಜ್‌ಗೆ ಹಾಕಂಗಿಲ್ಲ" ಎಂದು ಅಪ್ಪಣೆ ಮಾಡಿದ.

ಕಾರು ನಡಿಗೆಗಿಂತ ತುಸು ಜೋರಾಗಿ ಹೊರಟಿತು. ಸೆಹರಾದ ಒಳಗೆ ದಾನಿಷ್ ಬೇಯತೊಡಗಿದ. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡಿದ್ದವನೊಬ್ಬ ಪಕ್ಕಕ್ಕೆ ಬಂದು, ಒಳಗೆ ಬಗ್ಗಿ ನೋಡಿ, ಸಲಾಂ ಮಾಡಿ ಮುಂದೆ ಹೋದ.

"ಬೇಟಾ, ಇದರಾಗ ಪೆಟ್ರೋಲ್ ಎಲ್ಲಿ ಹಾಕ್ತಿ?" ಶಂಶಾದ್‌ಬೀ ಕೇಳಿದಳು.

"ಪೆಟ್ರೋಲ್ ಬೇಕಾಗಿಲ್ಲಜ್ಜಿ. ಕರೆಂಟ್ ಸಾಕು."

"ಕರೆಂಟು ಎಲ್ಲೈತಿ?"

"ಮಸ್ಕ್ಯಾಗ ಐತಿ."

"ಅಂದ್ರ ಕಾರು ಇಲ್ಲೈತಿ, ಕರೆಂಟ್ ಮಸ್ಕ್ಯಾಗ ಐತಿ. ಯಾ ಅಲ್ಲಾ!" ಎಂದವಳೇ ಮೀಟರಿನ ಕಡೆ ದುವಾ ಓದಿ ಊದಿದಳು.

ದುವಾದ ಬಲವೋ, ಬ್ಯಾಟರಿಯ ಬಲವೋ, ಮಸ್ಕಿ ಬಂತು. ಅಷ್ಟರಲ್ಲಿ ಎಲ್ಲರ ಫೋನೂ ಸತ್ತಿತ್ತು. ಹಸಿರು ಚುಕ್ಕೆ ತೋರಿಸಿದ ಜಾಗದಲ್ಲಿ ಶಾಮಿಯಾನಾ ಹಾಕಿತ್ತು, ಕುರ್ಚಿ ಸಾಲಿತ್ತು, ಮೈಕಿತ್ತು. ನಡುವೆ ಆಳೆತ್ತರದ ಮಿಷನ್ನು ತಲೆಯಿಂದ ಕಾಲಿನವರೆಗೆ ಕೆಂಪು ಬಟ್ಟೆ ಹೊದ್ದು, ಸೊಂಟಕ್ಕೆ ಜರಿ ರಿಬ್ಬನ್ ಕಟ್ಟಿಕೊಂಡು ನಿಂತಿತ್ತು. ಅದನ್ನು ಕಾಯಲು ಕನಕರಾಯ ಎಂಬವನಿದ್ದ.

"ಸ್ವಿಚ್ ಹಾಕಂಗಿಲ್ರಿ. ಇನ್ನ ಉದ್ಘಾಟನಿ ಆಗಿಲ್ಲ" ಎಂದ ಕನಕರಾಯ.

"ಯಾವಾಗ ಆಗ್ತೈತಿ?"

"ದೊಡ್ಡವರು ಬಂದಾಗ. ಇವತ್ತು ಬರ್ತಾರ ಅಂತ ದಿನಾ ಫೋನ್ ಬರ್ತೈತಿ. ಅದಕ್ಕ ದಿನಾ ಶಾಮಿಯಾನಾ ಹಾಕ್ತೀವಿ, ದಿನಾ ಬಿಚ್ತೀವಿ. ದೊಡ್ಡವರ ಕೈಲೆ ರಿಬ್ಬನ್ ಕತ್ತರಿಸದ ಇದಕ್ಕ ಕೈ ಹಚ್ಚಿದ್ರ ನನ್ನ ನೌಕರಿ ಹೋಗ್ತೈತಿ."

ಲಕ್ಷ್ಮಣ ಕೈ ಮುಗಿದ. ರಹಮಾನಸಾಬರು ಗಡ್ಡ ಹಿಡಿದುಕೊಂಡರು. ಮಧ್ಯಾಹ್ನದ ನಮಾಜಿನ ಹೊತ್ತು ಸಮೀಪಿಸುತ್ತಿತ್ತು. ಆಗ ಶಂಶಾದ್‌ಬೀ ಕೋಲೂರಿಕೊಂಡು ಕಾರಿನಿಂದ ಇಳಿದಳು.

"ದೊಡ್ಡವರು ಬೇಕೇನು ನಿನಗ? ನೌಶಾ ಅಂದ್ರ, ಮದುಮಗ ಅಂದ್ರ ಯಾರು? ನಿಕಾಹದ ದಿನ ಅಂವ ಬಾದಷಾ! ಹಾದ್ಯಾಗ ಅಂವ ಬಂದ್ರ ಫೌಜುದಾರನೂ ಕುದುರಿ ಬಾಜೂಕ ಹಿಡೀತಿದ್ದ. ಸೆಹರಾ ಕಟ್ಟಿದ ಬಾದಷಾ ನಿನ್ನ ಬಾಗಲಾಗ ನಿಂತಾನ, ನೀ ಯಾವ ದೊಡ್ಡವನ್ನ ಕಾಯಾಕತ್ತಿ?"

ಕನಕರಾಯ ತಲೆ ಕೆರೆದುಕೊಂಡ. ಮದುವಣಿಗ ಒಂದು ದಿನದ ರಾಜ ಎನ್ನುವುದು ಅವನ ಮನೆಯಲ್ಲೂ ಹೇಳುವ ಮಾತೇ. ಸುತ್ತ ನಿಂತವರು "ಖರೇ ಐತಿ ಅಜ್ಜಿ ಮಾತು" ಎಂದರು. ಶಾಮಿಯಾನಾ ಹಾಕಿ ಬಿಚ್ಚಿ ಅವನಿಗೂ ಸಾಕಾಗಿತ್ತು.

"ಆತು. ಆದ್ರ ಮಾಡಿದ್ರ ಪದ್ಧತಿ ಪ್ರಕಾರ ಮಾಡೂನು. ಹಾರ ಬೇಕು" ಎಂದ.

ಹಾರ ಎಲ್ಲಿಂದ ತರುವುದು? ಕಾರಿನ ಮೇಲಿನ ಹೂವನ್ನೆಲ್ಲ ಬಿಚ್ಚಿ ಕೆಂಪು ಬಟ್ಟೆಯ ಮೇಲೆ ಹಾಕಿದರು. ಕನಕರಾಯ ತೆಂಗಿನಕಾಯಿ ಒಡೆದ, ಶಂಶಾದ್‌ಬೀ ಬಿಸ್ಮಿಲ್ಲಾ ಎಂದು ಸಕ್ಕರೆ ಹಂಚಿದಳು. ದಾನಿಷ್ ಕತ್ತರಿ ಹಿಡಿದು ಪಕ್ಕದಲ್ಲಿ ನಿಂತ. ಜನ ಚಪ್ಪಾಳೆ ತಟ್ಟಿದರು. ಕನಕರಾಯ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದು, "ಇಂದು ಮಸ್ಕಿಯಲ್ಲಿ ಶುಭಕಾರ್ಯ ನೆರವೇರಿತು" ಎಂದು ಬರೆದು ತನಗೆ ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ. ನಂತರ ದಾನಿಷ್ ರಿಬ್ಬನ್ ಕತ್ತರಿಸಿದ, ಕನಕರಾಯ ಬಟ್ಟೆ ಸರಿಸಿ ಸ್ವಿಚ್ಚು ಹಾಕಿದ. ಮಿಷನ್ನು ಗುಂಯ್ ಎಂದಿತು. ಲಕ್ಷ್ಮಣನಿಗೆ ಆನಂದದಿಂದ ಕಣ್ಣಲ್ಲಿ ನೀರು ಬಂತು.

ಎಲ್ಲರೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬ್ಯಾಟರಿ ಬೇಕಾದಷ್ಟು ತುಂಬಿತು. ಕನಕರಾಯ ಯಾರೂ ನೋಡಬಾರದೆಂದು ಮಿಷನ್ನಿಗೆ ಬಟ್ಟೆ ಹೊದಿಸಿದ. ಎ.ಸಿ. ಹಾಕಿ, ಹಾಡು ಹಾಕಿ, ಲಕ್ಷ್ಮಣ ಕಾರನ್ನು ಹಾರಿಸಿಕೊಂಡು ಹೊರಟ. ದಾರಿಯಲ್ಲಿ ಎದುರಿನಿಂದ ಒಂದು ಬಸ್ಸು ಧೂಳೆಬ್ಬಿಸಿಕೊಂಡು ಹಾದುಹೋಯಿತು.

"ಅಂಕಲ್, ಅದು ನಮ್ಮ ಬಸ್ಸಲ್ಲೇನು?" ದಾನಿಷ್ ಕೇಳಿದ.

"ನಿಮ್ಮ ಬಸ್ಸು ಲಿಂಗಸುಗೂರಾಗ ಐತಿ. ಬಸ್ಸೆಲ್ಲ ಒಂದಾ ನಮೂನಿ ಇರ್ತಾವು, ಸುಮ್ಕ ಕುಂದ್ರು" ಎಂದ ಲಕ್ಷ್ಮಣ. ಹೂವಿಲ್ಲದ ಕಾರನ್ನು ಬಸ್ಸಿನವರೂ ಗುರುತಿಸಲಿಲ್ಲ.

ಲಿಂಗಸುಗೂರಿನ ಶಾದಿಮಹಲಿನ ಮುಂದೆ ಕಾರು ನಿಲ್ಲಿಸಿದಾಗ ಇನ್ನೂ ಹೊತ್ತಿತ್ತು. ಲಕ್ಷ್ಮಣ ಎದೆಯುಬ್ಬಿಸಿ ಇಳಿದ. ಒಳಗೆ ಸಾಲು ಸಾಲು ಕುರ್ಚಿ, ಒಂದರ ಮೇಲೂ ಜನವಿಲ್ಲ. ಹಿತ್ತಲಿನಲ್ಲಿ ಅಡುಗೆಯ ಖಾಜಾಸಾಬ್ ಒಬ್ಬನೇ ಬಿರಿಯಾನಿಯ ಹಂಡೆ ಕಾಯುತ್ತಿದ್ದ. ದಾನಿಷ್‌ನನ್ನು ಕಂಡವನೇ ಸೌಟು ಕೆಳಗಿಟ್ಟ.

"ನೀ ಮಸ್ಕ್ಯಾಗ ಮದಿವಿ ಆಗಿ ಇಲ್ಲಿಗ್ಯಾಕ ಬಂದಿಯೋ ಮಾರಾಯ?"

"ಮದಿವಿ? ಯಾರ ಕೂಡ?"

ಒಳಕೋಣೆಯಿಂದ ಮದುಮಗಳ ತಾಯಿ ಮೆಹರಬಾನು ಹೊರಬಂದು ಮೊಬೈಲು ಮುಂದೆ ಹಿಡಿದಳು. ಫೋಟೋದಲ್ಲಿ ಶಾಮಿಯಾನಾ ಇತ್ತು, ಜನರಿದ್ದರು, ಸಕ್ಕರೆ ಹಂಚುವ ಶಂಶಾದ್‌ಬೀ ಇದ್ದಳು. ಸೆಹರಾ ಕಟ್ಟಿದ ದಾನಿಷ್‌ನ ಪಕ್ಕದಲ್ಲಿ ತಲೆತುಂಬ ಕೆಂಪು ಸೆರಗು ಹೊದ್ದು, ಕೊರಳ ತುಂಬ ಹಾರ ಹಾಕಿಕೊಂಡು ಒಬ್ಬಳು ನಾಚಿ ನಿಂತಿದ್ದಳು. ಕೆಳಗೆ, ಶುಭಕಾರ್ಯ ನೆರವೇರಿತು ಎಂದು ಬರೆದಿತ್ತು.

"ನಿಮ್ಮ ಫೋನೆಲ್ಲ ಬಂದ್! ನಾವು ಏನಂತ ತಿಳೀಬೇಕು? ನಮ್ಮ ಹುಡುಗಿ ಅಪ್ಪ ಮೌಲಾಹುಸೇನ ಇದನ್ನ ನೋಡಿ, ಖಾಜಿಸಾಹೇಬರನ್ನೂ ನಿಮ್ಮ ಬಸ್ಸನ್ನೂ ಕರ್ಕೊಂಡು ಆ ನಿಕಾಹ್ ಹೆಂಗಾತು ನೋಡ್ತೀನಿ ಅಂತ ಮಸ್ಕಿಗೆ ಹೋಗ್ಯಾರ" ಎಂದಳು ಮೆಹರಬಾನು.

"ಅಕ್ಕಾ, ಅದು ಹೆಣ್ಣಲ್ಲ! ಕಾರಿಗೆ ಕರೆಂಟ್ ಹಾಕೋ ಮಿಷನ್ನು!" ಲಕ್ಷ್ಮಣ ಹೆಚ್ಚುಕಡಿಮೆ ಅತ್ತ.

ಅದೇ ಹೊತ್ತಿಗೆ ಮಸ್ಕಿಯಿಂದ ಮೌಲಾಹುಸೇನನ ಫೋನು ಬಂತು. ಅವನ ಸಿಟ್ಟೆಲ್ಲ ಇಳಿದು ದನಿ ಬೆಕ್ಕಿನಷ್ಟು ಮೆತ್ತಗಾಗಿತ್ತು. ಕೋಲು ಎತ್ತಿಕೊಂಡು ಹೋಗಿ ಸೆರಗು ಸರಿಸಿ ನೋಡಿದವನು ಅವನೇ. ಆದರೆ ಖಾಜಿಸಾಹೇಬರ ಮುಂದಿನ ನಿಕಾಹ್ ಇದ್ದದ್ದೂ ಮಸ್ಕಿಯಲ್ಲಿಯೇ. ಅವರು ಇನ್ನು ತಿರುಗಿ ಲಿಂಗಸುಗೂರಿಗೆ ಬರಲು ಒಪ್ಪಲಿಲ್ಲ. "ಶಾಮಿಯಾನಾ ಐತಿ, ಕುರ್ಚಿ ಐತಿ, ಮೈಕೂ ಐತಿ. ಹುಡುಗ ಹುಡುಗೀನ ಇಲ್ಲಿಗೇ ತರ್ರಿ" ಎಂದಿದ್ದರಂತೆ.

ಮದುಮಗಳು ವಸೀಮಾ ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ್ದಳು. ಅತ್ತು ಅತ್ತು ಕಾಡಿಗೆ ಕೆನ್ನೆಗೆ ಇಳಿದಿತ್ತು, ಈಗ ನಗು ತಡೆಯಲಾಗಲಿಲ್ಲ.

"ನಡೀರಿ. ನನ್ನ ಸವತಿ ಮಾರಿ ನಾನೂ ಒಮ್ಮೆ ನೋಡ್ಬೇಕು" ಎಂದಳು.

ಕಾರಿನಲ್ಲಿ ಹಿಂದೆ ವಸೀಮಾ, ಮೆಹರಬಾನು, ಶಂಶಾದ್‌ಬೀ ಕೂತರು. ಮುಂದೆ ರಹಮಾನಸಾಬರು. ಇನ್ನು ಉಳಿದಿದ್ದು ಸ್ಟೇರಿಂಗಿನ ಮುಂದಿನ ಒಂದೇ ಸೀಟು. ಎಲ್ಲರೂ ಲಕ್ಷ್ಮಣನ ಮುಖ ನೋಡಿದರು.

"ಗೇರಿಲ್ಲದ ಗಾಡಿ ಅಲ್ಲೇನ್ರಿ ಅಂಕಲ್? ನಾನಾ ಹೊಡೀತೀನಿ" ಎಂದ ದಾನಿಷ್. ಮದುವಣಿಗನನ್ನು ಬಿಟ್ಟು ನಿಕಾಹ್ ಆಗುವಂತಿಲ್ಲ, ಕಾರಿನ ಧಣಿಯನ್ನು ಬಿಟ್ಟು ಆಗಬಹುದಿತ್ತು. ಲಕ್ಷ್ಮಣ ಕೆಳಗಿಳಿದ. ಸೆಹರಾವನ್ನು ಕಿವಿಯ ಹಿಂದೆ ಸಿಗಿಸಿಕೊಂಡು ದಾನಿಷ್ ಸದ್ದಿಲ್ಲದೆ ಕಾರು ಹೊಡೆದುಕೊಂಡು ಹೋದ.

ಬಿರಿಯಾನಿಯ ಘಮ ಹಿತ್ತಲಿನಿಂದ ಬರುತ್ತಿತ್ತು. ಲಕ್ಷ್ಮಣ ಬೆಳಗಿನಿಂದ ಚಹಾ ಬಿಟ್ಟು ಏನನ್ನೂ ಕಂಡಿರಲಿಲ್ಲ.

"ಒಂದ್ ತುತ್ತು ಹಾಕಪ್ಪಾ ಖಾಜಾಸಾಬ್."

"ನಿಕಾಹ್ ಆಗದ ಹಂಡೆ ತೆಗಿಯಂಗಿಲ್ರಿ. ಇಲ್ಲೇ ಕುಂದ್ರಿ, ಎಲ್ಲಾರೂ ಉಣ್ಣಾಕ ಇಲ್ಲಿಗೇ ಬರ್ತಾರ."

ಕೂತಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಹೊಸ ಕಾರು, ಹೊಸ ಮದುವಣಿಗ, ಹಿಂದಿನ ಸೀಟಿನಲ್ಲಿ ಇಷ್ಟು ದಿನ ಫೋನಿನಲ್ಲಷ್ಟೇ ಕಂಡ ಹುಡುಗಿಯ ನಗು. ದಾನಿಷ್ ರಸ್ತೆ ನೋಡುತ್ತಾನೋ ಕನ್ನಡಿ ನೋಡುತ್ತಾನೋ ಎಂದು ಗೊಣಗುತ್ತ ಲಕ್ಷ್ಮಣ ಹೊರಗೆ ಬಂದ. ಬಸ್‌ಸ್ಟ್ಯಾಂಡಿಗೆ ಓಡಿ ಸಿಕ್ಕ ಬಸ್ಸು ಹತ್ತಿದ. ಬಸ್ಸು ಹಳ್ಳಿಗೊಮ್ಮೆ ನಿಂತು, ಹಳ್ಳಿಗೊಂದು ಕುರಿ ಹತ್ತಿಸಿಕೊಂಡು, ಇಳಿಹೊತ್ತಿಗೆ ಮಸ್ಕಿ ಮುಟ್ಟಿತು.

ಶಾಮಿಯಾನಾದಲ್ಲಿ ಖರ್ಜೂರದ ಬೀಜಗಳು ಬಿದ್ದಿದ್ದವು. ಕನಕರಾಯ ಮಿಷನ್ನಿಗೆ ಮತ್ತೆ ಕೆಂಪು ಬಟ್ಟೆ ಹೊದಿಸಿ ಹೊಸ ರಿಬ್ಬನ್ ಕಟ್ಟುತ್ತಿದ್ದ.

"ನಿಕಾಹ್ ಭಾಳ ಚಂದ ಆತ್ರಿ. ಬೀಗರೆಲ್ಲ ಬಿರಿಯಾನಿ ಉಣ್ಣಾಕ ಲಿಂಗಸುಗೂರಿಗೆ ಹೋದ್ರು. ನಿಮ್ಮ ಕಾರಿನ್ಯಾಗ ಮದುಮಕ್ಕಳು ಹೋದ್ರು. ನಿಮಗ ಹಾದ್ಯಾಗ ಸಿಗಲಿಲ್ಲೇನು?"

ಲಕ್ಷ್ಮಣ ಕುರ್ಚಿಯ ಮೇಲೆ ಕುಸಿದ.

"ಅಯ್ಯ, ಅಳಬ್ಯಾಡ್ರಿ. ಇನ್ನೊಂದು ಸುದ್ದಿ ಕೇಳ್ರಿ. ದೊಡ್ಡವರು ಖರೇನ ಬರಾಕತ್ತಾರ! ರಿಬ್ಬನ್ ಕತ್ತರಿಸಿದ ಮ್ಯಾಲ ಮೊದ್ಲು ಹಚ್ಚೋ ಗಾಡಿಗೆ ಒಂದು ವರ್ಷ ಪುಕ್ಕಟ ಕರೆಂಟ್ ಅಂತ. ಮುಂಜಾನಿ ಹಚ್ಚಿದ್ದು ಲೆಕ್ಕಕ್ಕಿಲ್ಲ, ಅದನ್ನ ನಾನೂ ಹೇಳಂಗಿಲ್ಲ, ನೀವೂ ಹೇಳಬ್ಯಾಡ್ರಿ. ಆದ್ರ ನಿಮ್ಮ ಕಾರು ತಂದು ಇಲ್ಲಿ ನಿಂದರಸ್ರಿ, ಈ ಸಲ ಖರೇನ ನೀವೇ ಮೊದಲು."

ಲಕ್ಷ್ಮಣ ಲಿಂಗಸುಗೂರಿನ ರಸ್ತೆಯ ಕಡೆ ನೋಡಿದ. ಕನಕರಾಯನೂ ನೋಡಿದ.

"ಕಡ್ಲಿ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡ್ಲಿ ಇಲ್ಲ" ಎಂದು ಕನಕರಾಯ ನಿಟ್ಟುಸಿರಿಟ್ಟ.

ದೊಡ್ಡವರು ಬಂದರು, ರಿಬ್ಬನ್ ಕತ್ತರಿಸಿದರು, ಚಾರ್ಜರಿನ ಪೈಪು ಕೈಯಲ್ಲಿ ಹಿಡಿದು ಹಚ್ಚಲು ಗಾಡಿ ಹುಡುಕಿದರು. ಅಷ್ಟರಲ್ಲಿ ಎಲ್ಲಿಯದೋ ಒಂದು ಎಲೆಕ್ಟ್ರಿಕ್ ಕಾರು ಏದುಸಿರು ಬಿಡುತ್ತ ಬಂದು ನಿಂತಿತು. ಅದರ ಧಣಿ ಕಿಟಕಿಯಿಂದ ತಲೆ ಹಾಕಿ, "ಚಾರ್ಜರ್ ನಡೀತೈತೇನ್ರಿ? ಸಿಂಧನೂರಿಗೆ ಹೋಗಬೇಕು" ಎಂದ. ಅವನು ಇಳಿಯುವ ಮೊದಲೇ ಕೊರಳಿಗೆ ಹಾರ ಬಿತ್ತು, ಒಂದು ವರ್ಷದ ಪುಕ್ಕಟೆ ಚಾರ್ಜಿನ ಘೋಷಣೆಯೂ ಮೈಕಿನಲ್ಲಿ ಆಯಿತು. ಆ ಮನುಷ್ಯ ಏನೂ ತಿಳಿಯದೆ ಪಿಳಿಪಿಳಿ ನೋಡಿದ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಲಕ್ಷ್ಮಣ. ತಟ್ಟುತ್ತ ತಟ್ಟುತ್ತಲೇ ಜನರ ನಡುವಿನಿಂದ ದಾರಿ ಮಾಡಿಕೊಂಡು ಹೋಗಿ ಆ ಮನುಷ್ಯನ ಕೈ ಕುಲುಕಿದ.

"ಭಾಳ ಖುಷಿ ಆತ್ರಿ ಸಾಹೇಬ್ರ. ನಾನೂ ಸಿಂಧನೂರಿಗೇ ಹೋಗಾಂವ. ಹಿಂದಿನ ಸೀಟು ಖಾಲಿ ಐತೇನ್ರಿ?" ಎಂದು ಕೇಳಿದ.