ಬಂಗುಡೆ ಬ್ಯಾಂಡಿನ ಮುಖ್ಯ ಅತಿಥಿ

ಕೋಟು ಹಾಕದೆ ಹೋಗಿದ್ದರೆ ಮಾಥ್ಯೂವಿಗೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹೆಂಡತಿ ಮೇರಿಕುಟ್ಟಿ ಅದನ್ನೇ ಹೇಳಿದ್ದಳು. ಆದರೆ ಹೆಂಡತಿ ಹೇಳಿದ್ದನ್ನು ಅದೇ ದಿನ ಒಪ್ಪಿಕೊಳ್ಳುವ ಗಂಡಸು ಕಡಬದಲ್ಲಿ ಇನ್ನೂ ಹುಟ್ಟಿರಲಿಲ್ಲ. ಒಪ್ಪುವುದಿದ್ದರೆ ಎಲ್ಲ ಮುಗಿದ ಮೇಲೆ, ಮನಸ್ಸಿನೊಳಗೆ.

ಸಂಗತಿ ಹೀಗೆ. ಅರವತ್ತರ ದಶಕದಲ್ಲಿ ಮಂಗಳೂರಿನಲ್ಲಿ ‘ದಿ ಸಿಲ್ವರ್ ಮ್ಯಾಕರೆಲ್ಸ್’ ಎಂಬ ಪಾಪ್ ಬ್ಯಾಂಡ್ ಇತ್ತು. ಐದು ಜನ ಹುಡುಗರು, ಹಣೆ ಮುಚ್ಚುವಷ್ಟು ಕೂದಲು, ಉಸಿರಾಡಲು ಜಾಗ ಬಿಡದ ಪ್ಯಾಂಟು. ಬಂದರಿನ ಹುಡುಗಿಯೊಬ್ಬಳಿಗಾಗಿ ದೋಣಿಯವನೊಬ್ಬ ಗೋಳಾಡುವ ಅವರ ಒಂದು ಕೊಂಕಣಿ ಹಾಡು ಆಗ ಕಾಲೇಜು ಹುಡುಗರ ನಿದ್ದೆ ಕೆಡಿಸಿತ್ತು. ಮಂಗಳೂರಿನಲ್ಲಿ ಪಿಯುಸಿ ಓದುತ್ತಿದ್ದ ಮಾಥ್ಯೂ ಎರಡು ವರ್ಷದಲ್ಲಿ ಪೂರ್ತಿಯಾಗಿ ಕಲಿತದ್ದು ಅದೊಂದನ್ನೇ. ಪರೀಕ್ಷೆಯಲ್ಲಿ ಅದರ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ. ಹಾಗಾಗಿ ಅವನು ಊರಿಗೆ ವಾಪಸು ಬಂದು ಅಪ್ಪನ ರಬ್ಬರ್ ತೋಟದಲ್ಲಿ ಹಾಲು ತೆಗೆಯತೊಡಗಿದ.

ರಬ್ಬರ್ ಹಾಲು ತೆಗೆಯುವುದು ಬೆಳಕು ಹರಿಯುವ ಮೊದಲು. ಮರದಿಂದ ಮರಕ್ಕೆ ಹೋಗಿ ತೊಗಟೆ ಕೆತ್ತುವ ಕೆಲಸಕ್ಕೆ ಕೈ ಸಾಕು, ಬಾಯಿ ಖಾಲಿ. ಮಾಥ್ಯೂ ಆ ಖಾಲಿ ಬಾಯಿಯಲ್ಲಿ ದಿನಾ ದೋಣಿಯವನ ಗೋಳು ಹಾಡುತ್ತಿದ್ದ. ಅವನ ಸ್ವರ ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ. ಗುಡ್ಡದ ಕೆಳಗಿನ ಮನೆಯಲ್ಲಿ ಬೋಜಪ್ಪ ಗೌಡರು ಚಾಪೆಯಲ್ಲಿ ಎದ್ದು ಕೂರುತ್ತಿದ್ದರು. ಅವರ ನಾಯಿ ಮನೆ ಬಿಟ್ಟು ನೆಲ್ಯಾಡಿಯ ಕಡೆ ಹೋದದ್ದು ಇದೇ ಕಾರಣಕ್ಕೆ ಎಂದು ಗೌಡರು ಕಂಡವರಿಗೆಲ್ಲ ಹೇಳುತ್ತಿದ್ದರು.

“ಹಾಡು ಒಳ್ಳೆದುಂಟು ಗೌಡ್ರೆ,” ಎನ್ನುತ್ತಿದ್ದ ಮಾಥ್ಯೂ. “ಗಂಟಲು ಮಾತ್ರ ನನ್ನದು. ಅದನ್ನು ಲಿಗೋರಿ ಹಾಡಿದ್ರೆ ನೀವು ಅಳ್ತೀರಿ.”

“ಈಗಲೂ ಅಳುದೇ ಮಾರಾಯ,” ಎನ್ನುತ್ತಿದ್ದರು ಗೌಡರು.

ಲಿಗೋರಿ ಎಂದರೆ ಮ್ಯಾಕರೆಲ್ಸಿನ ಹಾಡುಗಾರ. ಬ್ಯಾಂಡ್ ಒಡೆದುಹೋಗಿ ಹದಿನಾರು ವರ್ಷವಾಗಿತ್ತು. ಅಂಥದ್ದರಲ್ಲಿ ಎಂಬತ್ತನಾಲ್ಕರ ಜನವರಿಯಲ್ಲಿ ಸುದ್ದಿ ಬಂತು, ಐದೂ ಜನ ಮತ್ತೆ ಒಟ್ಟಾಗಿ ಪುತ್ತೂರಿನಲ್ಲಿ ಹಾಡುತ್ತಾರೆ ಎಂದು. ಮಂಗಳೂರಿನಲ್ಲೇ ಯಾಕಲ್ಲ ಎಂದರೆ, ಮಂಗಳೂರಿನವರು ಯಾರೂ ಕರೆದಿರಲಿಲ್ಲ. ಮ್ಯಾಕರೆಲ್ ಎಂದರೆ ಬಂಗುಡೆ ಮೀನು ಎಂದು ಮಾಥ್ಯೂವೇ ಒಮ್ಮೆ ಬಾಯಿ ತಪ್ಪಿ ಹೇಳಿದ್ದರಿಂದ ಕಡಬದಲ್ಲಿ ಅದು ‘ಬಂಗುಡೆ ಬ್ಯಾಂಡ್’ ಎಂದೇ ಪ್ರಸಿದ್ಧವಾಯಿತು.

ಗೌಡರು ಕೂಡಲೇ ಒಂದು ಪಂಥ ಮುಂದಿಟ್ಟರು. ತಾವೂ ಬಂದು ಕೇಳುವುದು. ಸರಿಯಾದ ಗಂಟಲಲ್ಲಿ ಹಾಡು ಚೆನ್ನಾಗಿದ್ದರೆ ಮಾಥ್ಯೂ ಸಾಯುವ ತನಕ ಹಾಡಬಹುದು, ಗೌಡರು ತುಟಿ ಬಿಚ್ಚುವುದಿಲ್ಲ. ಹಾಡೇ ಹಾಳಾಗಿದ್ದರೆ ಮಾಥ್ಯೂ ಇನ್ನು ತೋಟದಲ್ಲಿ ಬಾಯಿ ತೆರೆಯಬಾರದು. ಮಾಥ್ಯೂ ನಕ್ಕು ಕೈ ಕೊಟ್ಟ. ಅವನಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇಡೀ ದಿನದಲ್ಲಿ ಸುಖ ಎಂದಿದ್ದದ್ದು ಕತ್ತಲೆಯ ಆ ಹಾಡು ಮಾತ್ರ. ಆದರೆ ಲಿಗೋರಿ ಇರುವಾಗ ಹೆದರಿಕೆ ಯಾಕೆ?

ಮತ್ತೆ ಕೋಟಿನ ವಿಷಯ. ಹಳೆ ಕಾಲದ ಸಂಗೀತ ಕಚೇರಿಗೆ ಹಳೆ ಕಾಲದ ಮರ್ಯಾದೆಯಲ್ಲೇ ಹೋಗಬೇಕೆಂದು ಮಾಥ್ಯೂ ಮದುವೆಯ ಕಪ್ಪು ಕೋಟು ತೊಟ್ಟ. ಗುಂಡಿ ಹಾಕಲಾಗಲಿಲ್ಲ. ಹಾಕಿದರೆ ಕೂರಲಾಗುತ್ತಿರಲಿಲ್ಲ. ಅವನ ಪೈಕಿಯವರಲ್ಲಿ ಕೋಟು ಹಾಕುವುದು ಎರಡೇ ಸಲ, ಮದುವೆಗೊಮ್ಮೆ, ಶವಪೆಟ್ಟಿಗೆಗೊಮ್ಮೆ. ಮದುವೆ ಆಗಿಹೋದವನು ಕೋಟು ಹಾಕಿ ಪೇಟೆಗಿಳಿದರೆ ಜನ ಏನೆಂದುಕೊಳ್ಳಬೇಕು? ಕುಂಞಚ್ಚನ್ ಎಂಬ ಮುದುಕ ಅಂಗಡಿ ಜಗಲಿಯಿಂದ ಎದ್ದು ನಿಂತು, ಟೊಪ್ಪಿ ತೆಗೆದು, ತೀರಿಹೋದದ್ದು ಯಾರೆಂದು ಕೇಳಿದ. ಯಾರೂ ಇಲ್ಲ ಎಂದಾಗ ಅವನಿಗೆ ಸ್ವಲ್ಪ ಬೇಸರವೇ ಆಯಿತು.

ಅದ್ರಾಮನ ಬಾಡಿಗೆ ಜೀಪು ಹೊರಡಬೇಕಿದ್ದರೆ ಒಳಗೆ ಉಸಿರಾಡಲು ಜಾಗ ಉಳಿದಿರಬಾರದು. ಮೇರಿಕುಟ್ಟಿ, ಗೌಡರು, ಗೌಡರು ಸಾಕ್ಷಿಗೆಂದು ಕರೆದುಕೊಂಡ ನಾಲ್ಕು ಜನ, ಹೊಗೆ ಹಾಕಿದ ರಬ್ಬರ್ ಶೀಟುಗಳ ಕಟ್ಟು, ಯಾರದೋ ಎರಡು ಕೋಳಿ, ಎಲ್ಲ ಸೇರಿ ಹೊರಟಿತು. ಕೋಟು ಹಾಕಿದವರು ಹಿಂದೆ ಕೂರುವುದು ತನಗೆ ಅವಮಾನ ಎಂದು ಅದ್ರಾಮ ಮಾಥ್ಯೂವನ್ನು ಮುಂದಿನ ಸೀಟಿನಲ್ಲಿ ಐದನೆಯವನಾಗಿ ತುರುಕಿದ. ಉಪ್ಪಿನಂಗಡಿಗೆ ಮುಟ್ಟುವಾಗ ಕಪ್ಪು ಕೋಟು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅಲ್ಲಿ ಟಯರು ಪಂಕ್ಚರ್. ಮಾಥ್ಯೂ ನೀರಡಿಕೆಯಿಂದ ಒಂದು ಗೂಡಂಗಡಿಯ ಎದುರು ಹೋಗಿ ನಿಂತದ್ದೇ ತಡ, ಅಂಗಡಿಯವನು ತಕ್ಕಡಿಯನ್ನು ಗೋಣಿಯಡಿಗೆ ತಳ್ಳಿ, ಕೇಳದೆಯೇ ಸೋಡಾ ಒಡೆದು ಕೈಗೆ ಕೊಟ್ಟ. ಮಾಥ್ಯೂ ದುಡ್ಡು ಕೊಡಲು ಹೋದರೆ ಅವನು ಎರಡೂ ಕೈ ಮುಗಿದ. ಪಕ್ಕದ ಎರಡು ಅಂಗಡಿಗಳ ಬಾಗಿಲು ತಾವಾಗಿಯೇ ಮುಚ್ಚಿದವು.

ಗೌಡರು ಇದನ್ನೆಲ್ಲ ನೋಡಿ, “ನಿನ್ನನ್ನು ಆಫೀಸರ್ ಅಂತ ಗ್ರಹಿಸಿದ್ದಾರೆ. ಬಾಯಿ ಬಿಡಬೇಡ, ಗೊತ್ತಾಗ್ತದೆ,” ಎಂದರು.

ಅಂತೂ ಸಂಜೆ ನಾಲ್ಕಕ್ಕೆ ಪುತ್ತೂರಿನ ಮೈದಾನ ಮುಟ್ಟಿದರು. ಅಲ್ಲಿ ಕಾರ್ಯಕ್ರಮದ ಸೆಕ್ರೆಟರಿ ಜತ್ತಪ್ಪ ಕೈಯಲ್ಲಿ ಮಲ್ಲಿಗೆ ಹಾರ ಹಿಡಿದು, ಕೊರಳು ಹುಡುಕುತ್ತ ಓಡಾಡುತ್ತಿದ್ದರು. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಗುತ್ತಿಗಾರಿನ ಧಣಿಗಳ ತೋಟಕ್ಕೆ ಆನೆ ನುಗ್ಗಿತ್ತು. ಆನೆ ಇರುವ ತನಕ ಧಣಿಗಳು ಹೊರಡುವ ಹಾಗಿಲ್ಲ. ಆನೆ ಯಾವಾಗ ಹೊರಡುತ್ತದೆಂದು ಯಾರಿಗೂ ಹೇಳಿರಲಿಲ್ಲ. ಮುಖ್ಯ ಅತಿಥಿ ಇಲ್ಲದೆ ಸಭೆ ಇಲ್ಲ, ಸಭೆ ಆಗದೆ ಹಾಡು ಇಲ್ಲ. ನಮ್ಮ ಜಿಲ್ಲೆಯಲ್ಲಿ ಕೋಳಿಗೂಡಿನ ಉದ್ಘಾಟನೆಗೂ ಇದೇ ಕ್ರಮ.

ಅಷ್ಟರಲ್ಲಿ ಜತ್ತಪ್ಪನವರ ಕಣ್ಣಿಗೆ ಮೈದಾನದಲ್ಲೇ ಏಕಮಾತ್ರ ಕೋಟು ಬಿತ್ತು. ಅವರು ಓಡಿ ಬಂದು ಹೆಸರು ಕೇಳಿದರು, ಊರು ಕೇಳಿದರು, ಮೂರನೆಯದನ್ನು ಕೇಳದೆ ತೋಳು ಹಿಡಿದರು. ತಾನು ಹಾಡು ಕೇಳಲು ಬಂದವನೆಂದು ಮಾಥ್ಯೂ ಬೇಡಿಕೊಂಡ.

“ಮೇಲೆ ಕೂತು ಕೇಳಿ ಮಾರಾಯ್ರೆ,” ಎಂದರು ಜತ್ತಪ್ಪ. “ಲಿಗೋರಿಯವರು ನಿಮ್ಮ ಮೊಣಕೈಯ ಹತ್ತಿರ ನಿಲ್ಲುದು. ಕೆಳಗೆ ಕೂತ್ರೆ ಅವರ ಹೊಟ್ಟೆ ಮಾತ್ರ ಕಾಣುದು.”

ಮೊಣಕೈಯ ಹತ್ತಿರ ಲಿಗೋರಿ! ಮೇರಿಕುಟ್ಟಿ ಹಿಂದಿನಿಂದ ಕೋಟು ಎಳೆದಳು. ಅಷ್ಟರಲ್ಲಿ ಮಾಥ್ಯೂ ವೇದಿಕೆ ಹತ್ತಿ ಆಗಿತ್ತು.

ಮೊದಲು ಪ್ರಾರ್ಥನೆ. ಆಮೇಲೆ ದೀಪ, ಗಾಳಿಗೆ ಮೂರು ಸಲ. ಸ್ವಾಗತ ಮಾಡಿದವರು ಮಾಥ್ಯೂವನ್ನು ಪ್ರಗತಿಪರ ಕೃಷಿಕರು, ಕೊಡುಗೈ ದಾನಿಗಳು, ಸಂಗೀತಪ್ರೇಮಿಗಳು ಎಂದರು. ಮೂರರಲ್ಲಿ ಒಂದು ಸರಿ. ಅಧ್ಯಕ್ಷರು ಯುವಜನತೆ ಹಾಳಾಗುತ್ತಿರುವ ಬಗ್ಗೆ ಮಾತಾಡಿ ಮುಗಿಸುವಾಗ ಎದುರು ಕೂತಿದ್ದ ಯುವಜನತೆಗೆ ಸ್ವಲ್ಪ ವಯಸ್ಸಾಗಿತ್ತು. ಹಿಂದುಗಡೆ ಐದು ಬಂಗುಡೆಗಳು ಗಿಟಾರು ತಬ್ಬಿಕೊಂಡು, ಡಾಕ್ಟರು ಕರೆಯುವುದನ್ನು ಕಾಯುವ ರೋಗಿಗಳ ಹಾಗೆ ಬೆಂಚಿನಲ್ಲಿ ಕೂತಿದ್ದವು. ಹಣೆ ಮುಚ್ಚುತ್ತಿದ್ದ ಕೂದಲು ಈಗ ಕಿವಿಯ ಹತ್ತಿರ ಮಾತ್ರ ಇತ್ತು. ಲಿಗೋರಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಪ್ರಾರ್ಥಿಸುತ್ತಿದ್ದಾನೆಂದು ಮಾಥ್ಯೂವಿಗೆ ಭಕ್ತಿಯೇ ಬಂತು.

ಆಮೇಲೆ ಮುಖ್ಯ ಅತಿಥಿಗಳಿಂದ ಎರಡು ಮಾತು. ಹಾಡಿಗೆ ಅಡ್ಡ ಬರುವ ಭಾಷಣಕಾರರನ್ನು ಅಷ್ಟು ಹೊತ್ತು ಮನಸ್ಸಿನಲ್ಲೇ ಬೈಯುತ್ತಿದ್ದ ಮಾಥ್ಯೂ, ಒಂದೇ ವಾಕ್ಯ ಹೇಳಿ ಕೂರುವುದೆಂದು ಎದ್ದ. ಆದರೆ ಮೈಕು ಎಂಬುದು ಒಮ್ಮೆ ಹಿಡಿದರೆ ಉಂಬುಳ ಜಿಗಣೆ ಕಚ್ಚಿದ ಹಾಗೆ, ಹೊಟ್ಟೆ ತುಂಬದೆ ಬಿಡುವುದಿಲ್ಲ. ಹಾಸ್ಟೆಲಿನ ಕಿಟಕಿ ಹಾರಿ ಮ್ಯಾಕರೆಲ್ಸ್ ಕೇಳಲು ಹೋದದ್ದು ಹೇಳಿದ. ತನ್ನ ರಬ್ಬರ್ ಮರಗಳು ಕೊಂಕಣಿ ಕಲಿತದ್ದು ಹೇಳಿದ. ಕೊನೆಗೆ ಎದೆ ಮುಟ್ಟಿಕೊಂಡು, “ಆ ಹಾಡಿನ ಒಂದೊಂದು ಶಬ್ದ ನನಗೆ ಬಾಯಿಪಾಠ ಉಂಟು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೇನೆ,” ಎಂದ.

ಚಪ್ಪಾಳೆ ಬಿತ್ತು. ಲಿಗೋರಿ ಕಣ್ಣು ತೆರೆದ. ನೆರೆಯಲ್ಲಿ ಕೊಚ್ಚಿಹೋಗುವವನು ತೇಲಿ ಬರುವ ಬಾಳೆದಿಂಡನ್ನು ನೋಡುವ ಹಾಗೆ ಮಾಥ್ಯೂವನ್ನೇ ನೋಡಿದ.

ಬ್ಯಾಂಡ್ ಶುರುವಾಯಿತು. ಮೊದಲಿಗೆ ಬರೀ ವಾದ್ಯದ ತುಣುಕುಗಳು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಹೊಟ್ಟೆ ದಪ್ಪವಾದರೂ ಬೆರಳು ದಪ್ಪವಾಗಿರಲಿಲ್ಲ. ಮೂರನೆಯ ಸಾಲಿನಲ್ಲಿ ಬೋಜಪ್ಪ ಗೌಡರ ಕಾಲು ಅವರ ಅಪ್ಪಣೆ ಇಲ್ಲದೆ ತಾಳ ಹಾಕುವುದನ್ನು ಮಾಥ್ಯೂ ವೇದಿಕೆಯಿಂದ ಕಂಡ. ಗೌಡರು ತಲೆಯಾಡಿಸಿ, ಅಡ್ಡಿಲ್ಲ ಎಂಬಂತೆ ಕೈಸನ್ನೆ ಕೂಡ ಮಾಡಿದರು. ಪಂಥ ಗೆದ್ದಹಾಗೇ ಆಯಿತು.

ಕೊನೆಗೆ ಆ ಹಾಡು. ಗಿಟಾರು ಅಲೆ ಎಬ್ಬಿಸಿತು, ಡ್ರಮ್ಮು ದೋಣಿಯ ಹುಟ್ಟು ಹಾಕಿತು. ಮಾಥ್ಯೂ ಕಣ್ಣು ಮುಚ್ಚಿದ. ಈಗ ಲಿಗೋರಿಯ ಸ್ವರ ಬರಬೇಕು. ಬರಲಿಲ್ಲ. ಗಿಟಾರು ಮತ್ತೊಮ್ಮೆ ಮೊದಲಿನಿಂದ ಬಂತು. ಆಗಲೂ ಇಲ್ಲ. ಮೂರನೆಯ ಸಲಕ್ಕೆ ಮಾಥ್ಯೂವಿನ ಕಿವಿಯಲ್ಲಿ ಬಿಸಿ ಉಸಿರು ತಾಗಿತು.

“ಸರ್, ಶುರು ಎಂತದ್ದು?” ಎಂದ ಲಿಗೋರಿ. “ಬರುವಾಗ ದಾರಿಯಲ್ಲಿ ಫರಂಗಿಪೇಟೆ ತನಕ ನೆನಪಿತ್ತು. ಆಮೇಲೆ ಹೋಯ್ತು.”

ಮಾಥ್ಯೂ ಹೇಳಿದ. ಅದರ ನಂತರದ್ದು ಎಂತದ್ದೆಂದು ಲಿಗೋರಿ ಕೇಳಿದ. ಅದನ್ನೂ ಹೇಳಿದ. ಲಿಗೋರಿ ಬೆವರು ಒರಸಿಕೊಂಡು, ಮೈಕಿನ ಎದುರು ನಿಂತು, ಹದಿನಾರು ವರ್ಷ ಈ ಹಾಡನ್ನು ಜೀವಂತ ಇಟ್ಟವರು ತಾನಲ್ಲ, ಕಡಬದ ಈ ಮಹನೀಯರು, ಆದ್ದರಿಂದ ಇವತ್ತು ಅವರೇ ಹಾಡಬೇಕೆಂದು ಐದೂ ಮ್ಯಾಕರೆಲ್ಸ್ ಪರವಾಗಿ ವಿನಂತಿ ಮಾಡಿದ. ಜನ ಎದ್ದು ಚಪ್ಪಾಳೆ ತಟ್ಟಿದರು. ಎದ್ದವರಲ್ಲಿ ಬೋಜಪ್ಪ ಗೌಡರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಹೊರಗೆ ಹೋಗಲು ದಾರಿ ಹುಡುಕುತ್ತಿದ್ದರು.

ಮಾಥ್ಯೂ ತಪ್ಪಿಸಿಕೊಳ್ಳಲು ನೋಡಿದ. ಒಂದು ಕಡೆ ಜತ್ತಪ್ಪ, ಇನ್ನೊಂದು ಕಡೆ ಡ್ರಮ್ಮು. ಹಾಡಿದ. ನಾಲ್ಕು ತೆಂಗಿನ ಮರಕ್ಕೆ ಕಟ್ಟಿದ್ದ ನಾಲ್ಕು ಲೌಡ್‌ಸ್ಪೀಕರುಗಳಲ್ಲಿ ಹಾಡಿದ. ಕಡಬದ ಒಂದು ಗುಡ್ಡಕ್ಕೆ ಮಾತ್ರ ಗೊತ್ತಿದ್ದ ಸ್ವರ ಇಡೀ ಪುತ್ತೂರಿಗೆ ಗೊತ್ತಾಯಿತು. ಮುಂದಿನ ಸಾಲಿನ ಮಗುವೊಂದು ಅಳತೊಡಗಿತು. ಅದರ ತಾಯಿ ಎತ್ತಿಕೊಂಡು ಹೊರಗೆ ಹೋದಳು, ಇಷ್ಟು ಒಳ್ಳೆಯ ಮಗು ಇದ್ದದ್ದಕ್ಕೆ ಅವಳ ಮೇಲೆ ಸುತ್ತಲಿನವರೆಲ್ಲ ಅಸೂಯೆಪಟ್ಟರು. ಲಿಗೋರಿ ಪಕ್ಕದಲ್ಲಿ ನಿಂತು ಬೆರಳು ಚಿಟಿಕೆ ಹೊಡೆಯುತ್ತ, ಕೊನೆಯ ತನಕ ಬಾಯಿ ತೆರೆಯಲಿಲ್ಲ.

ಹಿಂದಿರುಗುವಾಗ ಜೀಪಿನಲ್ಲಿ ಮಾಥ್ಯೂವೇ ಧೈರ್ಯ ಮಾಡಿ, ಇದು ಲೆಕ್ಕಕ್ಕಿಲ್ಲ, ಲಿಗೋರಿ ಹಾಡಲೇ ಇಲ್ಲವಲ್ಲ, ಪಂಥ ಇನ್ನೊಮ್ಮೆ ನೋಡುವ ಎಂದ.

“ಅದಕ್ಕೇ ನಾನು ಸ್ಟೇಜಿನ ಹಿಂದೆ ಹೋಗಿ ಆ ಜನದ ಹತ್ರವೇ ಕೇಳಿ ಬಂದೆ,” ಎಂದರು ಬೋಜಪ್ಪ ಗೌಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಾಥ್ಯೂವಿನ ಬಗ್ಗೆ ಮರುಕವೇ ಇತ್ತು. “ನಮ್ಮ ಮಾಥ್ಯೂ ಹಾಡಿದ್ದು ಸರಿ ಉಂಟಾ, ನೀವು ಹಾಡುದು ಹೇಗೆ ಅಂತ ಕೇಳಿದೆ. ಅವರು ನನ್ನ ಎರಡು ಕೈ ಹಿಡಿದು ಹೇಳಿದ್ರು, ನಿಮ್ಮ ಮುಖ್ಯ ಅತಿಥಿಗಳು ಹಾಡಿದ್ರಲ್ಲ, ಸಾಕ್ಷಾತ್ ಅದೇ ರೀತಿ, ಒಂದು ಕೂದಲು ಹೆಚ್ಚುಕಡಿಮೆ ಇಲ್ಲ ಅಂತ. ಈ ನಾಲ್ಕು ಜನವೂ ಕೇಳಿದ್ದಾರೆ. ನಿನ್ನ ಗಂಟಲನ್ನು ನಾನು ಇಷ್ಟು ವರ್ಷ ಸುಮ್ಮನೆ ಬೈದೆ ಮಾರಾಯ. ಗಂಟಲಿಗೆ ಎಂತದೂ ಆಗಲಿಲ್ಲ. ಹಾಡೇ ಹಾಗೆ. ನಾಳೆಯಿಂದ ಬಾಯಿ ಮುಚ್ಚಿ ಹಾಲು ತೆಗಿ.”